ಕೂಸಿನ ಬಾಯಿಗೆ ಏನೂ ಹಾಕಬೇಡಿ

ಜ್ವರದ ಕೂಸಿಗೆ ಝಟಕಿ, ಅಂದರೆ ಸೆಳವು, ಬಂದಾಗ ಗಾಬರಿಯಾಗದೆ ಕೈ ಕಟ್ಟಿ ಕೂತಿರಿ ಎಂದು ಜನರಿಗೆ ಕಲಿಸುವಷ್ಟರಲ್ಲಿ ನನ್ನ ಅರ್ಧ ನೌಕರಿ ಮುಗಿಯಿತು. ಉಳಿದರ್ಧ ಮೇಲಧಿಕಾರಿಗಳಿಗೆ ಅದನ್ನೇ ಕಲಿಸುವುದರಲ್ಲಿ ಹೋಯಿತು. ಇಬ್ಬರಲ್ಲಿ ಜನರೇ ವಾಸಿ. ಅವರು ಕಡೆಗಾದರೂ ಕಲಿತರು.

ಈಗ ಹೊಸದಾಗಿ ದವಾಖಾನೆಗೆ ಸೇರಿದ ಹುಡುಗ ಹುಡುಗಿಯರು ಬೀದರದ ನಮ್ಮ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಕೇಳುವಾಗ ಕಣ್ಣೆಲ್ಲ ಚಹಾದ ಕಪ್ಪಿನ ಮೇಲೆ. ಆದರೂ ಬರೆಯುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರನ್ನು ಹಿಂದೆ ಹಾಕಿ ಸಿಕ್ಕಿತು ಎಂಬುದನ್ನೆಲ್ಲ ಬಿಡುತ್ತೇನೆ. ಅದು ನನ್ನ ಹೆಂಡತಿಗೂ ಬೇಡವಾದ ಸುದ್ದಿ.

ನಾನು ಔರಾದಿನವನು. ಡಾಕ್ಟರಿಕೆ ಕಲಿತದ್ದು ಹೈದರಾಬಾದಿನಲ್ಲಿ, ಅದೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಪುಸ್ತಕದಲ್ಲಿ ಉರ್ದು, ಔಷಧಿಯ ಬಾಟಲಿಯ ಮೇಲೆ ಇಂಗ್ಲಿಷ್. ರೋಗಿಯ ಹೊಟ್ಟೆನೋವು ನಾಲ್ಕು ಭಾಷೆ ದಾಟಿ ನನ್ನ ತಲೆಗೆ ಬರುವಷ್ಟರಲ್ಲಿ ಅರ್ಧ ತಾನೇ ಇಳಿದಿರುತ್ತಿತ್ತು. ನನ್ನ ಕೈಗುಣ ಒಳ್ಳೆಯದು ಎಂದು ಹೆಸರಾದದ್ದು ಹೀಗೆ.

ನಿಜಾಮರ ರಾಜ್ಯದ ಕೊನೆಯ ವರ್ಷಗಳಲ್ಲಿ ನನ್ನನ್ನು ಭಾಲ್ಕಿಗೆ ಹಾಕಿದರು. ದವಾಖಾನೆ ಎಂದರೆ ಮುಂದೆ ಒಂದು ಪಡಸಾಲೆ, ಒಳಗೆ ಎರಡು ಕೋಣೆ, ಹಿಂದೆ ಒಂದು ಬೇವಿನ ಮರ. ಸಿಬ್ಬಂದಿ ಎಂದರೆ ನಾನು ಮತ್ತು ಕಂಪೌಂಡರ್ ಖಾಸಿಂ ಮಿಯಾ. ನನಗಿಂತ ಬಹಳ ಹಿರಿಯರು, ಬಿಳಿ ಗಡ್ಡ, ಮಾತು ಕಡಿಮೆ. ಆಡಿದ ಮಾತು ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಒಳ್ಳೆಯ ರೋಗಿಗೆ ಔಷಧಿಯಲ್ಲಿ ಸಕ್ಕರೆ ಪಾಕ ಹೆಚ್ಚು ಬೆರೆಸುತ್ತಿದ್ದರು, ಜಗಳಗಂಟನಿಗೆ ಕಡಿಮೆ. ಊರಿನ ಯೋಗ್ಯತೆಯೆಲ್ಲ ಅವರ ಬಾಟಲಿಯ ರುಚಿಯಲ್ಲಿ ಇತ್ತು.

ಮಳೆಗಾಲ ಬಂತೆಂದರೆ ಜ್ವರ, ಜ್ವರ ಬಂತೆಂದರೆ ಝಟಕಿ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಮೈ ಕಾದಾಗ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ಕೈಕಾಲು ಸೆಟೆದು ಅದುರುತ್ತವೆ, ಬಾಯಲ್ಲಿ ಜೊಲ್ಲು ಬರುತ್ತದೆ. ನೋಡುವವರಿಗೆ ಜೀವ ಹೋದಂತೆಯೇ. ಊರಲ್ಲಿ ಇದಕ್ಕೆ ಬಾಲಗ್ರಹ ಎಂದು ಹೆಸರು. ಗ್ರಹ ಎಂದ ಮೇಲೆ ಓಡಿಸಬೇಕಲ್ಲ! ಮೂಗಿಗೆ ಚಪ್ಪಲಿ ಹಿಡಿಯುವವರು, ಬಾಯಿಗೆ ಉಳ್ಳಾಗಡ್ಡಿ ರಸ ಹಿಂಡುವವರು, ಹಲ್ಲಿನ ನಡುವೆ ಕೀಲಿಕೈ ತುರುಕುವವರು, ಕುಡಗೋಲು ಕಾಸಿ ಹೊಟ್ಟೆಗೆ ಬರೆ ಎಳೆಯುವವರು. ಇಷ್ಟೆಲ್ಲ ಮುಗಿಸಿ ಬಂಡಿ ಹೂಡಿಕೊಂಡು ಭಾಲ್ಕಿಗೆ ಬರುವಷ್ಟರಲ್ಲಿ ಝಟಕಿ ಯಾವಾಗಲೋ ನಿಂತಿರುತ್ತಿತ್ತು. ಕೂಸು ಹಾಲಿಗೆ ಅಳುತ್ತಿರುತ್ತಿತ್ತು. ನಾನು ಮದ್ದು ಹಚ್ಚುತ್ತಿದ್ದದ್ದು ಸುಟ್ಟ ಹೊಟ್ಟೆಗೆ, ಮುರಿದ ಹಲ್ಲಿಗೆ. ಉಳ್ಳಾಗಡ್ಡಿ ರಸ ಉಸಿರಿನ ದಾರಿ ಹಿಡಿದು ಎದೆ ಸೇರಿದ ಮಕ್ಕಳಿಗೆ ನನ್ನ ಹತ್ತಿರ ಮದ್ದೂ ಇರಲಿಲ್ಲ. ಅಂಥ ಎರಡು ಮಕ್ಕಳು ನನ್ನ ಕೈಯಲ್ಲೇ ಹೋದವು. ಅವುಗಳನ್ನು ಕೊಂದದ್ದು ಝಟಕಿ ಎಂದು ನಾನು ಒಪ್ಪಲಾರೆ. ಬಾಯಿಗೆ ಹಾಕಿದ ಪ್ರೀತಿಯೇ ಕೊಂದದ್ದು.

ಊರಿನವರನ್ನು ದೂರಿ ಏನು ಪ್ರಯೋಜನ, ನನ್ನ ಮನೆಯೇ ಹಾಗಿತ್ತು. ಒಮ್ಮೆ ರಜೆಗೆ ಔರಾದಿಗೆ ಹೋದಾಗ ಅಕ್ಕನ ಮಗನಿಗೆ ಝಟಕಿ ಬಂತು. ನಾನು ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ನಮ್ಮವ್ವ ನನ್ನದೇ ಹೊಸ ಬೂಟನ್ನು ಅವನ ಮೂಗಿಗೆ ಒತ್ತಿ ಹಿಡಿದಿದ್ದಳು.

"ಅವ್ವಾ, ಏನ್ ಮಾಡ್ಲಾಕತ್ತಿ? ನಾ ಡಾಕ್ಟರ್ ಮನ್ಯಾಗ ಇದ್ದೇನಲ್ಲ!" ಎಂದು ಕೂಗಿದೆ.

"ನೀ ಸುಮ್ಕಿರು. ಹೈದರಾಬಾದಿನ ಬೂಟು ಅದ, ಲಗೂ ಗುಣ ಆಗ್ತದ," ಎಂದಳು.

ಆದದ್ದೂ ಹಾಗೇ. ಝಟಕಿ ತಾನಾಗಿ ನಿಂತಿತು, ಕೀರ್ತಿ ಬೂಟಿಗೆ ಹೋಯಿತು. ನನ್ನ ಡಿಗ್ರಿಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟೇ.

ಮೇಲಧಿಕಾರಿಗಳ ಕಥೆ ಇದಕ್ಕಿಂತ ಚೆಂದ. ಆಗ ನಮ್ಮ ಮೇಲಿದ್ದ ದೊಡ್ಡ ಡಾಕ್ಟರರನ್ನು ಎಲ್ಲರೂ ಹುಜೂರ್ ಎನ್ನುತ್ತಿದ್ದರು. ಶೇರವಾನಿಯ ಗುಂಡಿ ಕುತ್ತಿಗೆಯವರೆಗೆ ಹಾಕಿ, ಕುಚ್ಚಿನ ರೂಮಿ ಟೋಪಿ ಇಟ್ಟುಕೊಂಡು, ಶುದ್ಧ ಉರ್ದು ಬಿಟ್ಟು ಬೇರೊಂದು ಮಾತಾಡದ ಮನುಷ್ಯ. ಝಟಕಿ ಬಂದ ಮಗುವಿನ ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ಇಡತಕ್ಕದ್ದು ಎಂದು ಅವರ ಆಜ್ಞೆ. ಅವರದೇನೂ ತಪ್ಪಲ್ಲ, ನಮ್ಮ ಪುಸ್ತಕದಲ್ಲೂ ಹಾಗೇ ಇತ್ತು. ಒಂದು ದಿನ ಅವರು ತನಿಖೆಗೆ ಬಂದಾಗ ಪಡಸಾಲೆಯಲ್ಲೇ ಮೂರು ವರ್ಷದ ಹುಡುಗಿಯೊಬ್ಬಳಿಗೆ ಝಟಕಿ ಶುರುವಾಯಿತು. "ಚಮಚ!" ಎಂದು ಹುಜೂರ್ ಕೂಗಿದರು. ಕೇಳಿದ್ದ ಚಮಚ ಬೀದರದಿಂದ ಇನ್ನೂ ಮಂಜೂರಾಗಿ ಬಂದಿರಲಿಲ್ಲ. ಕಾಯುವ ಸ್ವಭಾವ ಅವರದಲ್ಲ, ತಮ್ಮ ತೋರುಬೆರಳನ್ನೇ ಹುಡುಗಿಯ ಹಲ್ಲಿನ ನಡುವೆ ಇಟ್ಟರು. ಮರುಕ್ಷಣ ಅವರ ಬಾಯಿಂದ ಅಚ್ಚ ಭಾಲ್ಕಿ ಕನ್ನಡದಲ್ಲಿ, "ಸತ್ತೆನೋ ಯಪ್ಪಾ!" ಎಂದು ಬಂತು. ಹುಜೂರ್ ನಮ್ಮ ಕಡೆಯವರೇ ಎಂದು ನಮಗೆ ಗೊತ್ತಾದದ್ದು ಅಂದು.

ಹುಡುಗಿಯ ಝಟಕಿ ತಾನಾಗಿಯೇ ನಿಂತಿತು. ಖಾಸಿಂ ಮಿಯಾ ಪಟ್ಟಿ ತಂದು ಹುಜೂರರ ಬೆರಳಿಗೆ ಸುತ್ತುತ್ತ, "ಕೂಸು ಆರಾಮ್ ಆಗ್ಯದ್ರಿ ಹುಜೂರ್. ಈಗ ತಾವು ಒಂದಿಷ್ಟು ಮಕ್ಕೊಳ್ರಿ," ಎಂದರು. ಆಜ್ಞೆ ಕಾಗದದ ಮೇಲೆ ಹಾಗೇ ಉಳಿಯಿತು, ಚಮಚದ ಮಾತನ್ನು ಮಾತ್ರ ಹುಜೂರ್ ಮತ್ತೆ ಎತ್ತಲಿಲ್ಲ. ಮುಂದೆ ನಿಜಾಮರ ರಾಜ್ಯ ಹೋಯಿತು, ಉರ್ದು ಹೋಗಿ ಇಂಗ್ಲಿಷ್ ಬಂತು, ಹೊಸ ದೊಡ್ಡ ಡಾಕ್ಟರರು ಬಂದು ಇಂಗ್ಲಿಷಿನಲ್ಲಿ ಒಂದು ಆಜ್ಞೆ ಹೊರಡಿಸಿದರು. ಅದರಲ್ಲೂ ಚಮಚ ಇತ್ತು. ಸಿಂಹಾಸನ ಅಲುಗಾಡೀತು, ಚಮಚ ಅಲುಗಾಡದು.

ಇನ್ನು ಹುಜೂರರ ಕಾಲಕ್ಕೇ ಮರಳಿ ಮಾಳಮ್ಮನ ವಿಷಯಕ್ಕೆ ಬರುತ್ತೇನೆ. ಭಾತಂಬ್ರಾದವಳು, ಕುರಿ ಸಾಕುವ ಮನೆತನ. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಕೈ. ಕುರಿಗೆ ಕುತ್ತು ಬಂದರೂ, ಕೂಸಿಗೆ ಝಟಕಿ ಬಂದರೂ ಆ ಓಣಿಯವರೆಲ್ಲ ಬರೆ ಹಾಕಿಸಲು ಅವಳನ್ನೇ ಕರೆಯುತ್ತಿದ್ದರು. ಅವಳ ಹಿರಿಯ ಮೊಮ್ಮಗಳ ಹೊಟ್ಟೆಯ ಮೇಲೆ ಅಜ್ಜಿಯ ಕೈಬರಹ ಸ್ಪಷ್ಟವಾಗಿತ್ತು. ಕಿರಿಯವನು ಬೀರ, ಎರಡು ವರ್ಷದವನು. ಮೊದಲ ಸಲ ಝಟಕಿ ಬಂದಾಗ ಅವನ ತಾಯಿ ಲಚಮವ್ವ ಅತ್ತೆಯ ಕುಡಗೋಲು ಕಾಯುವ ಮುಂಚೆಯೇ ಮಗನನ್ನು ಎತ್ತಿಕೊಂಡು ಹೊಲದ ದಾರಿಯಲ್ಲಿ ಭಾಲ್ಕಿಗೆ ಓಡಿ ಬಂದಿದ್ದಳು. ಹಿಂದೆಯೇ ಅತ್ತೆ.

ಲಚಮವ್ವ ನನ್ನ ಮೇಜಿನ ಹತ್ತಿರ ಬಾಗಿ, "ಝಟಕಿಗಿಂತ ನಮ್ಮತ್ತಿ ಕುಡಗೋಲಿಗೇ ನನಗ ಭಾಳ ಅಂಜಿಕಿ ಅದರಿ ಸಾಬ್ರ. ಹ್ಯಾಂಗಾರ ಮಾಡಿ ಆಕಿನ ತಡೀರಿ," ಎಂದಳು.

ನಾನು ಮಾಳಮ್ಮನನ್ನು ಕೂರಿಸಿ ನನ್ನ ಭಾಷಣ ಶುರು ಮಾಡಿದೆ. ಕೂಸನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಬೇಕು, ಜೊಲ್ಲು ಹೊರಗೆ ಹರಿಯಲಿ, ಕೈಕಾಲು ಒತ್ತಿ ಹಿಡಿಯಬಾರದು, ಬಾಯಿಗೆ ಏನೂ ಹಾಕಬಾರದು, ಸುಮ್ಮನೆ ಹತ್ತಿರ ಕೂತು ನೋಡಬೇಕು, ಅಷ್ಟೇ ಎಂದೆ. ಅವಳು ಪೂರ್ತಿ ಕೇಳಿದಳು.

"ಕೂಸು ಒದ್ದಾಡ್ಲಾಕತ್ತಾಗ ಏನೂ ಮಾಡ್ಲಾರದ ಸುಮ್ಕ ಕುಂದರ್ಲಾಕ, ನಾ ಏನ್ ಸರ್ಕಾರಿ ನೌಕರ್ಯಾಗ ಇದ್ದೇನೇನ್ರಿ?" ಎಂದಳು.

ಒಳಗಿನಿಂದ ಖಾಸಿಂ ಮಿಯಾ ಕೆಮ್ಮಿದರು. ನಗು ಬಂದಾಗ ಅವರಿಗೆ ಕೆಮ್ಮು ಬರುತ್ತಿತ್ತು.

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಮನೆ ತುಂಬ ಜನ, ನಡುವೆ ಒದ್ದಾಡುವ ಕೂಸು, ಯಾರ ಕೈ ತಾನೆ ಸುಮ್ಮನಿದ್ದೀತು? ಬೇಡ ಎಂದರೆ ಕೈ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಕೆಲಸ ಕೊಡಬೇಕು ಎಂದು ನನಗೆ ಹೊಳೆದಿದ್ದೇ ಆಗ. ಹೊತ್ತು ಕಳೆಯಲು, ಝಟಕಿ ಎಷ್ಟು ಹೊತ್ತು ಇತ್ತು ಎಂದು ಕೇಳಿದೆ. ಅವಳ ಮನೆಯಲ್ಲಿ ಗಡಿಯಾರವೆಲ್ಲಿ ಬರಬೇಕು!

"ಒಂದು ರೊಟ್ಟಿ ಬಡದು ಬೇಯ್ಸೋ ಅಷ್ಟೊತ್ತು ಇತ್ತರಿ," ಎಂದಳು.

"ಹಂಗಾದ್ರ ಕೇಳು ಮಾಳಮ್ಮ," ಎಂದೆ. "ಇನ್ನ ಮ್ಯಾಲ ಝಟಕಿ ಬಂದ ಕೂಡ್ಲೇ ನೀ ಒಲಿಗಿ ಹಂಚು ಇಟ್ಟು ರೊಟ್ಟಿ ಬಡೀಲಾಕ ಕೂಡು. ನಿನ್ನ ಸೊಸಿ ಕೂಸಿನ ಬಾಜೂಕ ಇರ್ತಾಳ. ಮೂರನೇ ರೊಟ್ಟಿ ಇಳಿಸಿದ ಮ್ಯಾಲೂ ಝಟಕಿ ನಿಲ್ಲಲಿಲ್ಲಂದ್ರ ಬಂಡಿ ಹೂಡಸು. ಮೊದಲೇ ನಿಂತ್ರ ಬಂಡಿಗೆ ಅವಸರ ಇಲ್ಲ, ಅವತ್ತೇ ತಂದು ತೋರಸು. ಕುತ್ತಿಗಿ ಸೆಟದಿದ್ರ, ಕೂಸು ಎಚ್ಚರ ಆಗದಿದ್ರ, ಮತ್ತ ಮತ್ತ ಬಂದ್ರ ಮಾತ್ರ ರೊಟ್ಟಿ ಗಿಟ್ಟಿ ಬಿಟ್ಟು ಓಡಿ ಬಾ."

"ಕುಡಗೋಲು?"

"ಹಂಚು ಇಟ್ಟ ಒಲಿಯಾಗ ಕುಡಗೋಲಿಗಿ ಜಾಗಾ ಎಲ್ಲದ?"

"ಬೇಯ್ಸಿದ ರೊಟ್ಟಿ ಏನ್ ಮಾಡ್ಬೇಕ್ರಿ?"

"ತಿನ್ನು."

ಇಷ್ಟಕ್ಕೆ ಅವಳು ಒಪ್ಪಿದಳು. ಉಪಚಾರದ ಕಡೆಗೆ ಊಟ ಇರುವುದು ಅವಳಿಗೆ ಸರಿ ಕಂಡಿತು. ಮುಂದಿನ ಸಲ ಬೀರನಿಗೆ ಝಟಕಿ ಬಂದಾಗ ಮಾಳಮ್ಮ ರೊಟ್ಟಿ ಬಡಿದಳು. ಎರಡನೆಯದು ಹಂಚಿನ ಮೇಲಿರುವಾಗಲೇ ಝಟಕಿ ನಿಂತಿತು. ಕೂಸು ಬರೆಯಿಲ್ಲದ ಹೊಟ್ಟೆಯೊಡನೆ ದವಾಖಾನೆಗೆ ಬಂತು. ಲಚಮವ್ವ ನನ್ನ ಮೇಜಿನ ಮೇಲೆ ಆ ಎರಡನೇ ರೊಟ್ಟಿಯನ್ನೂ ಇಟ್ಟಳು. ಸರ್ಕಾರ ಕೊಟ್ಟ ಯಾವ ಪ್ರಶಂಸೆಯೂ ನನಗೆ ಅಷ್ಟು ರುಚಿಸಿಲ್ಲ.

ಸುದ್ದಿ ಹರಡಿತು, ಹರಡುವಾಗ ದಾರಿಯಲ್ಲಿ ಕೈಕಾಲು ಬೆಳೆಸಿಕೊಂಡಿತು. ಮೆಹಕರದಲ್ಲಿ ಕೂಸಿನ ಮೈ ಬಿಸಿಯಾದ ಕೂಡಲೇ ಮೂರು ರೊಟ್ಟಿ ಬೇಯಿಸಿ ತಲೆದಿಂಬಿನ ಪಕ್ಕ ಇಡುವ ಪದ್ಧತಿ ಬಂತು. ಒಬ್ಬ ಅಜ್ಜ, ನಮ್ಮ ಮನೆಯಲ್ಲಿ ಗೋಧಿ ಚಪಾತಿ, ನಡೆಯುತ್ತದೆಯೇ ಎಂದು ಕೇಳಿದ. ಚಪಾತಿ ಬೇಗ ಬೇಯುತ್ತದೆ, ಬಂಡಿಯೂ ಬೇಗ ಹೂಡಬೇಕಾಗುತ್ತದೆ, ಒಂದೆರಡು ಹೆಚ್ಚು ಮಾಡು ಎಂದೆ. ಕಡೆಗೆ ಹುಜೂರ್ ಬೀದರಕ್ಕೆ ಕರೆಸಿ, ಝಟಕಿಗೆ ರೊಟ್ಟಿ ಬರೆದುಕೊಡುವ ಡಾಕ್ಟರ್ ನೀನೇ ಏನು ಎಂದು ಗದರಿದರು. ನಾನು ಅವರ ತೋರುಬೆರಳಿನ ಗಾಯದ ಗುರುತನ್ನು ನೋಡುತ್ತ ನಿಂತೆ. ಅವರು ಕೈಯನ್ನು ಮೇಜಿನ ಕೆಳಗೆ ಇಳಿಸಿ, ಹೋಗು ಎಂದರು.

ಆಗ ನಾನು ಹಣೆಗೆ, ಮೈಗೆ ಒದ್ದೆ ಬಟ್ಟೆ ಹಾಕಿದರೆ ಝಟಕಿ ಬರುವುದಿಲ್ಲ ಎಂದೂ ಹೇಳುತ್ತಿದ್ದೆ. ಅದರಿಂದ ಝಟಕಿ ತಪ್ಪುವುದಿಲ್ಲ, ಜ್ವರದ ಗುಳಿಗೆಯಿಂದಲೂ ಖಾತ್ರಿಯಾಗಿ ತಪ್ಪುವುದಿಲ್ಲ, ಕೂಸಿಗೆ ಸ್ವಲ್ಪ ಹಾಯೆನಿಸುತ್ತದೆ ಅಷ್ಟೇ ಎಂದು ಈಗಿನ ಹುಡುಗರು ನನಗೆ ತಿಳಿಹೇಳುತ್ತಾರೆ. ಇರಬಹುದು. ನೀವು ಈಗ ಹೇಳುವುದರಲ್ಲೂ ಅರ್ಧವನ್ನು ನಿಮ್ಮ ಮೊಮ್ಮಕ್ಕಳು ತಿದ್ದುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಬಾಯಿಗೆ ಏನೂ ಹಾಕಬೇಡಿ ಎಂಬ ಮಾತು ಮಾತ್ರ ಉಳಿದುಕೊಂಡಿದೆ. ಆ ಮಾತಿಗೆ ಎಷ್ಟು ಬೆಲೆ ಎಂದು ನನಗೆ ತಿಳಿದದ್ದು ಪೋಲೀಸ್ ಆ್ಯಕ್ಷನ್ ಆದ ತಿಂಗಳಲ್ಲಿ.

ಅದಕ್ಕೆ ಮುಂಚಿನ ವಾರಗಳಲ್ಲಿ ನಿಜಾಮರ ಪರವೆಂದು ಊರು ಸುಲಿಯುವ ರಜಾಕಾರರ ಲಾರಿಗಳು ಹಳ್ಳಿ ಹಳ್ಳಿ ಸುತ್ತುತ್ತಿದ್ದವು. ದವಾಖಾನೆಗೆ ಬರುವವರು ನಿಂತೇ ಹೋದರು; ರೋಗಕ್ಕಿಂತ ರಸ್ತೆಯ ಭಯ ದೊಡ್ಡದಾಗಿತ್ತು. ಆಮೇಲೆ ನಿಜಾಮರ ರಾಜ್ಯ ಸೇರಿಸಿಕೊಳ್ಳಲು ಭಾರತದ ಫೌಜು ಬಂತು, ನಾಲ್ಕಾರು ದಿನದಲ್ಲಿ ಎಲ್ಲ ತಿರುಗುಮುರುಗಾಯಿತು. ಕಚೇರಿಗಳ ಮೇಲೆ ಬೇರೆ ಬಾವುಟ ಏರಿತು. ಭಯ ಊರು ಬಿಟ್ಟು ಹೋಗಲಿಲ್ಲ, ಓಣಿ ಬದಲಿಸಿತು. ನಿನ್ನೆಯವರೆಗೆ ಅಡಗಿದ್ದವರು ಹೊರಗೆ ಬಂದರು. ರಜಾಕಾರರ ಮುಖವನ್ನೂ ನೋಡದ ಬಡ ಮುಸಲ್ಮಾನರು ಅವರ ಪಾಪಕ್ಕೆ ತಾವು ತಲೆಕೊಡಬೇಕಾದೀತೆಂದು ಬಾಗಿಲು ಹಾಕಿಕೊಂಡು ಕುಳಿತರು. ಕೆಲವು ಕಡೆ ಬಾಗಿಲೂ ಅವರನ್ನು ಕಾಯಲಿಲ್ಲ. ಇದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಖಾಸಿಂ ಮಿಯಾ ಮಾತ್ರ ದಿನವೂ ದವಾಖಾನೆಗೆ ಬರುತ್ತಿದ್ದರು, ಬೇವಿನ ಮರದ ಹಿಂದಿನ ಬಾಗಿಲಿನಿಂದ. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಅಂಥ ಒಂದು ಬೆಳಿಗ್ಗೆ ಮಾಳಮ್ಮ, ಲಚಮವ್ವ ಬೀರನನ್ನು ಕರೆತಂದರು. ಮಲೇರಿಯಾ ಇರಬೇಕೆನಿಸಿತು, ಕ್ವಿನೈನ್ ಬರೆದೆ. ಝಟಕಿ ಬಂದಿತ್ತೇ ಎಂದು ಕೇಳಿದೆ. ಬಂದಿತ್ತು, ಫೌಜು ಬರುವ ಮುಂಚೆ, ಜೋಳದ ಹೊಲದಲ್ಲಿ ಎಂದು ಮಾಳಮ್ಮ ಹೇಳತೊಡಗಿದಳು.

ಲಾರಿ ಬರುತ್ತಿದೆ ಎಂದು ಸುದ್ದಿಯಾಗಿ ಓಣಿಯ ನಲವತ್ತು ಐವತ್ತು ಜನ ಆಳೆತ್ತರದ ಜೋಳದಲ್ಲಿ ಅಡಗಿದ್ದರು. ನಡುಹಗಲು. ಮಾತಿಲ್ಲ, ಕೆಮ್ಮಿಲ್ಲ, ಬೀಡಿಯ ಹೊಗೆಯೂ ಇಲ್ಲ. ಅಲ್ಲಿ ಬೀರನಿಗೆ ಜ್ವರ ಏರಿ ಝಟಕಿ ಬಂತು. ಲಚಮವ್ವ ಅವನನ್ನು ಮಗ್ಗುಲಾಗಿ ಮಲಗಿಸಿದಳು.

"ಒಲಿ ಇಲ್ಲ, ಹಂಚಿಲ್ಲ," ಎಂದಳು ಮಾಳಮ್ಮ. "ನಾ ಏನ್ ಮಾಡ್ಲಿರಿ? ತೊಡಿ ಮ್ಯಾಲೇ ಬರಿಗೈಲಿ ರೊಟ್ಟಿ ಬಡದೆ, ಸಪ್ಪಳಿಲ್ಲದ. ಒಂದು ಬಡದು ಬೇಯ್ಸಿ ಇಳಿಸ್ದೆ. ಎರಡನೇದು ತಿರುವ್ಯಾಕಿದೆ. ಆಗ ಕೂಸಿನ ಝಟಕಿ ನಿಂತದ."

ಅಲ್ಲಿಯವರೆಗೆ ಎಲ್ಲ ಸರಿ. ಝಟಕಿ ಮುಗಿದ ಮಕ್ಕಳು ಸ್ವಲ್ಪ ಹೊತ್ತು ಮಂಕಾಗಿದ್ದು, ಆಮೇಲೆ ದಿಕ್ಕು ತಪ್ಪಿದಂತೆ ಅಳುತ್ತವೆ. ಬೀರನೂ ಕಣ್ಣು ಬಿಟ್ಟವನೇ ಕಿರುಚಿ ಅಳತೊಡಗಿದ. ಆಗಲೇ ರಸ್ತೆಯ ಮೇಲೆ ಲಾರಿಯ ಸಪ್ಪಳ ಕೇಳಿಸಿತು. ಬೀರನ ಅಪ್ಪ, ಮಾಳಮ್ಮನ ಮಗ ಸಿದ್ದಪ್ಪ, ಬಾಯಿ ಮುಚ್ಚಲು ಅಂಗೈ ಚಾಚಿ ಮಗನ ಮೇಲೆ ಬಿದ್ದ. ಓಣಿಯ ಅಷ್ಟೂ ಜನರ ಜೀವ ಆ ಅಳುವಿನಲ್ಲಿತ್ತು. ಅವನನ್ನು ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

"ನಾ ಅವನ ಕೈ ಹಿಡದೆ," ಎಂದಳು. "ಈಗಷ್ಟೇ ಉಸಿರು ಹಿಡ್ಕೊಂಡದ ಕೂಸು. ಬಾಯಾಗ ಏನೂ ಹಾಕಬ್ಯಾಡಂದಾರ ಡಾಕ್ಟರ್ ಸಾಬ್ರು, ನಿನ್ನ ಕೈನೂ ಹಾಕಂಗಿಲ್ಲ ಅಂದೆ. ಅವರು ನಮ್ಮನ್ನ ಬಿಡಂಗಿಲ್ಲವ್ವ, ಎಲ್ಲಾರೂ ಸಾಯ್ತೇವಿ ಅಂದ. ಸತ್ರ ಕೂಸಿನ ಜೋಡಿ ಸಾಯಮು, ಕೂಸಿನ್ನ ಕೊಂದು ಬದುಕಾದು ಬ್ಯಾಡ ಅಂದೆ. ಕೈ ಬಿಡಲಿಲ್ಲರಿ ನಾ."

ಲಾರಿ ಹೊಲದ ಅಂಚಿಗೇ ಬಂತಂತೆ, ನಿಧಾನ ಮಾಡಿತಂತೆ, ಮುಂದೆ ಹೋಯಿತಂತೆ. ತನ್ನದೇ ಸದ್ದಿನಲ್ಲಿ ಅಳು ಕೇಳಲಿಲ್ಲವೋ, ಕೇಳಿಯೂ ಯಾರೋ ಸುಮ್ಮನಾದರೋ, ಯಾರಿಗೂ ಗೊತ್ತಿಲ್ಲ. ಕುರ್ಚಿಯ ಮೇಲೆ ಕೂತು ನೂರಾರು ತಾಯಂದಿರಿಗೆ ಅದೇ ಮಾತು ಹೇಳಿದ್ದೆ. ಅದನ್ನು ಅಷ್ಟು ದೂರ ಒಯ್ದವರನ್ನು ಕಂಡಿರಲಿಲ್ಲ.

"ಲಾರಿ ನಿಂತಿದ್ರ ಏನ್ ಮಾಡ್ತಿದ್ದಿ ಮಾಳಮ್ಮ?" ಎಂದು ಕೇಳಿದೆ.

"ಅದು ಏನ್ ಕೇಳ್ತೀರಿ ಬಿಡ್ರಿ," ಎಂದಳು.

ಒಳಗೆ ಕ್ವಿನೈನ್ ಪುಡಿ ಕಟ್ಟುತ್ತಿದ್ದ ಖಾಸಿಂ ಮಿಯಾ ಬಾಗಿಲಿಗೆ ಬಂದು ನಿಂತಿದ್ದರು. ಅವರ ಮಗಳು ಎರಡು ದಿನದಿಂದ ಅವರ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಿದ್ದಳು. ಅವಳ ಮಡಿಲಲ್ಲಿ ಎಂಟು ತಿಂಗಳ ಕೂಸು. ಹೊರಗೆ ಹೆಜ್ಜೆಯ ಸಪ್ಪಳವಾದಾಗಲೆಲ್ಲ ಅದರ ಬಾಯಿಗೆ ಸೆರಗು ಒತ್ತುತ್ತಿದ್ದಾಳೆ ಎಂದು ಅಂದು ಬೆಳಿಗ್ಗೆಯೇ ನನಗೆ ಹೇಳಿದ್ದರು.

"ಅಕ್ಕಾ," ಎಂದರು ಮಾಳಮ್ಮನಿಗೆ. "ಆ ಜೋಳ ಕೊಯ್ದೀರೇನು?"

ಮಾಳಮ್ಮ ಅವರ ಮುಖ ನೋಡಿದಳು. ನನ್ನ ಕಡೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ.

"ಇಲ್ಲ ಅಣ್ಣಾ, ಇನ್ನಾ ನಿಂತದ."

"ನನ್ನ ಮಗಳ ಕೂಸು ಭಾಳ ಅಳ್ತದ," ಎಂದರು ಖಾಸಿಂ ಮಿಯಾ.

ಮಾಳಮ್ಮ ಬೀರನನ್ನು ಸೊಸೆಯ ಕಂಕುಳಿಗೆ ಕೊಟ್ಟು ಸೆರಗು ಬಿಗಿದುಕೊಂಡಳು.

"ನಡಿ ಅಣ್ಣಾ, ಕರ್ಕೊಂಡು ಬರಮು. ಜೋಳದಾಗ ತಾಯಿ ಕೂಸಿನ ಬಾಜೂಕ ನಾನೇ ಕುಂದರ್ತೇನಿ," ಎಂದಳು. "ಅತ್ತರ ಅಳ್ಲಿ."